ಟವೆಲ್ಲಿನಡಿ ಸಿಕ್ಕ ಹೆಸರು

ನಮ್ಮ ಚಿಕ್ಕಮ್ಮನ ಟೈಪಿಂಗ್ ಕ್ಲಾಸಿನಲ್ಲಿ ಹನ್ನೊಂದು ಕಂಪ್ಯೂಟರುಗಳಿವೆ. ಅವುಗಳಲ್ಲಿ ತೀರಾ ಕಿರಿಯದಕ್ಕೂ ಮೊಮ್ಮಕ್ಕಳಾಗುವ ವಯಸ್ಸು. ದೊಡ್ಡ ಕಂಪನಿಗಳ ತಂತ್ರಾಂಶ ತೆರೆಯಲು ಹೋದರೆ, ಪರದೆ ಬೆಳಗುವಷ್ಟರಲ್ಲಿ ಕಲಿಯಲು ಬಂದವರಿಗೆ ನಿವೃತ್ತಿಯಾಗುತ್ತಿತ್ತು. ಅದಕ್ಕೇ ಚಿಕ್ಕಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ಕಲಿತು, ಬರೆಯಲು, ತಿದ್ದಲು, ಉಳಿಸಿಡಲು ಮಾತ್ರ ಬರುವ ಒಂದು ಪುಟ್ಟ ತಂತ್ರಾಂಶ ಮಾಡಿದರು. ಎಷ್ಟು ಹಗುರವೆಂದರೆ, ಎಲ್ಲಿ ಹಾರಿಹೋದೀತೋ ಎಂದು ನಾನು ಫ್ಯಾನು ಆರಿಸಿದ್ದುಂಟು. ‘ಗರಿ’ ಎಂದು ಹೆಸರಿಟ್ಟು ಜಾಲತಾಣವೊಂದರಲ್ಲಿ ಎಲ್ಲರಿಗೂ ಬಿಟ್ಟಿ ಹಂಚಿದರು. ಹಳೆಯ ಯಂತ್ರಗಳ ಮೂವತ್ತು ಕ್ಲಾಸುಗಳು ಅದನ್ನೇ ನೆಚ್ಚಿಕೊಂಡವು.

ಒಂದು ದಿನ ಜಾಲತಾಣದವರಿಂದ ಪತ್ರ ಬಂತು. ಆ ಹೆಸರು ಮೊದಲೇ ಯಾವುದೋ ಕಂಪನಿಯದಂತೆ. ಶನಿವಾರ ಸಂಜೆ ಐದರೊಳಗೆ ಬೇರೆ ಹೆಸರು ಕೊಡದಿದ್ದರೆ ತಂತ್ರಾಂಶವನ್ನೇ ಕಿತ್ತುಹಾಕುವರಂತೆ.

ಶನಿವಾರ ಮಧ್ಯಾಹ್ನ ಚಿಕ್ಕಪ್ಪ ಶಬ್ದಕೋಶ ಹೊತ್ತು ಬಂದರು.

“‘ಅಕ್ಷರಸಾಮ್ರಾಜ್ಯ’ ಅಂತಿಡು ಕಣೇ. ಹೆಸರಲ್ಲಿ ಗತ್ತಿರಬೇಕು.”

“ಗತ್ತು ನಿಮ್ಮ ಮೀಸೆಗಿರಲಿ. ಮೊದ್ಲು ಪರೀಕ್ಷೆ,” ಎಂದರು ಚಿಕ್ಕಮ್ಮ.

ಅಲ್ಲಿನ ಮೌಸುಗಳೆಲ್ಲ ಸತ್ತು ವರ್ಷಗಳಾಗಿದ್ದವು. ಹೆಸರನ್ನು ಟೈಪ್ ಮಾಡಿಯೇ ತಂತ್ರಾಂಶ ತೆರೆಯಬೇಕು. ಕ್ಲಾಸಿನ ಪರೀಕ್ಷೆಯೂ ಒಂದೇ: ಕೈಗಳ ಮೇಲೆ ಟವೆಲ್ ಹೊದಿಸಿ, ನೋಡದೆ ಹತ್ತು ಸಲ ಟೈಪ್ ಮಾಡುವುದು. ಅದಕ್ಕೆ ಕಲಿಯಲು ಬರುವವರಲ್ಲಿ ಎಲ್ಲರಿಗಿಂತ ನಿಧಾನಿಯಾದ, ‘ಆಮೆ’ ಎಂದೇ ಹೆಸರಾದ ಆಸ್ಪತ್ರೆ ಗುಮಾಸ್ತೆಯನ್ನು ಕೂರಿಸಿದರು.

ಸಾಮ್ರಾಜ್ಯ ಮೊದಲ ಸಲಕ್ಕೇ ಪತನವಾಯಿತು. ನಾನು ಕೊಟ್ಟ ‘ಚಿಟ್ಟೆ’ಯ ರೆಕ್ಕೆ ಎರಡನೆಯ ಸಲಕ್ಕೆ ಮುರಿಯಿತು. ಹೀಗೆ ಇಪ್ಪತ್ತು ಹೆಸರು ಸತ್ತವು. ಗಂಟೆ ನಾಲ್ಕೂವರೆ.

“ಅಕ್ಕಾ, ಬೆರಳು ನಡುಸಾಲು ಬಿಟ್ಟು ಎದ್ರೆ ದಾರಿ ತಪ್ಪುತ್ತೆ,” ಎಂದು ಆಮೆ ಅಳುಮೋರೆ ಮಾಡಿದಳು.

ಕೀಲಿಮಣೆಯ ಆ ನಡುಸಾಲಿನ ಮೇಲೆಯೇ ಎಲ್ಲರೂ ಮೊದಲ ದಿನ ಬೆರಳಿಡುವುದು. ಚಿಕ್ಕಮ್ಮ ಥಟ್ಟನೆ ನಿಂತರು.

“ಹಾಗಾದ್ರೆ ಎದ್ದೇಳಲೇಬೇಡ! ಆ ಸಾಲಲ್ಲಿ ಏನು ಸಿಗುತ್ತೋ ಅದನ್ನೇ ಹೊಡಿ.”

ಮೊದಲು ‘ಕಸ’ ಬಂತು.

“ಸತ್ಯ ಹೇಳ್ತಿದೆ,” ಎಂದರು ಚಿಕ್ಕಪ್ಪ.

ಆಮೇಲೆ ‘ಸಲಗ’.

“ಹಗುರದ ವಸ್ತುವಿಗೆ ಆನೆ ಹೆಸರಾ?” ಎಂದು ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು.

ಮೂರನೆಯದು ‘ಹದ’.

ಯಾರೂ ನಗಲಿಲ್ಲ. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಚಿಕ್ಕಮ್ಮ ಮಾಡಿದ್ದೂ ಅಂಥದ್ದನ್ನೇ.

“ಹತ್ತು ಸಲ ಹೊಡಿ ನೋಡೋಣ.”

ಹತ್ತೂ ಸರಿ. ಇನ್ನೂ ಹತ್ತು, ಅವೂ ಸರಿ. ಆ ವೇಗಕ್ಕೆ ಟವೆಲ್ಲಿನಿಂದ ಹೊಗೆಯೆದ್ದಿತೆಂದು ಎಲ್ಲಿ ಬೇಕಾದರೂ ಸಾಕ್ಷಿ ಹೇಳಬಲ್ಲೆ.

ಐದಕ್ಕೆ ನಾಲ್ಕು ನಿಮಿಷವಿರುವಾಗ ಚಿಕ್ಕಮ್ಮ ಜಾಲತಾಣದಲ್ಲಿ ಹೆಸರು ತುಂಬಿ ಗುಂಡಿ ಒತ್ತಿದರು. ನಾವು ಹಿಡಿದ ಉಸಿರಿಗೆ ಕೋಣೆಯ ಗಾಳಿಯೇ ಖಾಲಿಯಾಯಿತು. ಪರದೆಯ ಮೇಲೆ ಮೂಡಿತು: ‘ಈ ಹೆಸರು ನಿಮ್ಮದು.’

“ಬರೀ ಎರಡಕ್ಷರ!” ಚಿಕ್ಕಪ್ಪ ಗೊಣಗಿದರು. “ಇಷ್ಟು ಪುಟಾಣಿ ಹೆಸರನ್ನ ಜನ ಕೂಗಿ ಹೇಳೋದಾದ್ರೂ ಹೇಗೆ?”

ಹನ್ನೊಂದು ಕುರ್ಚಿಗಳು ಒಟ್ಟಿಗೆ ಹಿಂದೆ ಸರಿದವು. ಅಷ್ಟೂ ಜನ ಎದ್ದು ನಿಂತು ಕೂಗಿದ ಕೂಗಿಗೆ ಎದುರು ಅಂಗಡಿಯ ಕ್ಷೌರಿಕ, ಅರ್ಧ ಗಡ್ಡ ಹೆರೆದ ಗಿರಾಕಿಯ ಸಮೇತ, ಬೀದಿಗೆ ಓಡಿಬಂದ.