‘ಎಲ್ಲಾ ನಾನೇ’ ಗಾಯಕ
ನಮ್ಮ ಮಹಡಿ ಮನೆಯ ರಾಕ್ ಗಾಯಕ, ಡ್ರಮ್ಸ್ ಬಾರಿಸುತ್ತಿದ್ದ ಸ್ವಂತ ತಮ್ಮನೊಂದಿಗೇ ಜಗಳವಾಡಿ ಬ್ಯಾಂಡ್ ಬಿಟ್ಟುಬಂದ ಮೇಲೆ, ಒಬ್ಬನೇ ಒಂದು ಆಲ್ಬಮ್ ಮಾಡಿದ್ದಾನೆ. ಅದನ್ನು ಊರಿಗೆಲ್ಲ ಸಾರುವ ಕೆಲಸವನ್ನೂ ಒಬ್ಬನೇ ಮಾಡುತ್ತಿದ್ದಾನೆ. “ಬರೆದಿದ್ದು, ಹಾಡಿದ್ದು, ಗಿಟಾರು, ಡ್ರಮ್ಸು, ಎಲ್ಲಾ ನಾನೇ ಸಾರ್” ಅನ್ನುತ್ತಾನೆ. ಹೊರಗಿನ ಸದ್ದು ರೆಕಾರ್ಡಿಂಗಿಗೆ ಬೀಳಬಾರದೆಂದು ಬಟ್ಟೆ ಬೀರುವಿನೊಳಗೆ ತಲೆ ತೂರಿಸಿ, ಬೆನ್ನ ಮೇಲೆ ಕಂಬಳಿ ಹೊದ್ದು ಹಾಡಿದವನೂ ಅವನೇ. ಮನೆಯವರ ಇಸ್ತ್ರಿ ಬಟ್ಟೆಗಳು ವಾರಗಟ್ಟಲೆ ಮಂಚದ ಮೇಲಿದ್ದವು. ಮೆಟ್ಟಿಲ ಮೇಲೆ ಸಿಕ್ಕವರನ್ನೆಲ್ಲ ತಡೆದು “ಕೇಳಿದ್ರಾ?” ಅನ್ನುತ್ತಾನೆ. ಚೆನ್ನಾಗಿದೆ ಅಂದರೆ “ಹಾಗಾದ್ರೆ ನಿಮಗೆ ಅರ್ಥ ಆಗಿಲ್ಲ ಬಿಡಿ” ಎಂದು ಮುಖ ಸಪ್ಪಗೆ ಮಾಡುತ್ತಾನೆ. ಅರ್ಥವಾಗಲಿಲ್ಲ ಅಂದರೆ ಒಳಗೆ ಎಳೆದೊಯ್ದು ಮತ್ತೆ ಮೊದಲಿನಿಂದ ಕೇಳಿಸುತ್ತಾನೆ. ವಿಮರ್ಶಕರೊಬ್ಬರು ‘ಹಲ್ಲುನೋವಿನ ನರಳಾಟ’ ಎಂದು ಬರೆದಾಗ ಹಿಗ್ಗಿ ಹೀರೇಕಾಯಿಯಾಗಿ, “ನೋವು ಅವರಿಗೆ ಮುಟ್ಟಿದೆ ನೋಡಿ!” ಎಂದು ಅದನ್ನು ಕತ್ತರಿಸಿ ಬಾಗಿಲಿಗೆ ಅಂಟಿಸಿದ. ಪೇಚಾಟವಾದದ್ದು ಇನ್ನೊಂದು ಪತ್ರಿಕೆ ಹೊಗಳಿದಾಗ. ಕೊನೆಯ ಹಾಡಿನ ನಡುವೆ ವಾದ್ಯಗಳೆಲ್ಲ ನಿಂತು ಆವರಿಸುವ ಮೌನವನ್ನು ಅದು ‘ಗಾಯಕನ ದಿಟ್ಟ ಪ್ರಯೋಗ’ ಎಂದಿತ್ತು. ಪತ್ರಿಕೆ ಹಿಡಿದು ಮೇಲೆ ಹತ್ತಿ, “ಭೇಷ್ ಕಣಯ್ಯಾ, ಆ ಮೌನವೂ ನಿಂದೇ ತಾನೇ?” ಎಂದೆ. ಅವನು ಗಿಟಾರಿನ ತಂತಿಯನ್ನು ಬಿಗಿ ಮಾಡುತ್ತಾ ಹೇಳಿದ: “ಅದೊಂದು ನಾನಲ್ಲ ಸಾರ್. ಅಲ್ಲಿ ತಮ್ಮ ಬಾರಿಸ್ಬೇಕಿತ್ತು. ಕಾದೆ, ಬರ್ಲಿಲ್ಲ. ಜಾಗ ಹಾಗೇ ಬಿಟ್ಟಿದೀನಿ.”