ಟವೆಲ್ಲಿನ ಕೆಳಗಿನ ಕೈ

ನನ್ನ ಸೋದರಮಾವನ ಬಲಗೈ ಸದಾ ಹೆಗಲ ಟವೆಲ್ಲಿನ ಕೆಳಗೇ ಇರುತ್ತಿತ್ತು. ದಾವಣಗೆರೆಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡಿದವನು. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಹೇಳುವ ಕಾಲ ಹೋದರೂ ಅವನ ಕೈ ಮಾತ್ರ ಈಚೆ ಬರಲಿಲ್ಲ. ಮದುವೆಯೂಟದಲ್ಲಿ ಪಾಯಸ ಕಡಿಮೆ ಬಿದ್ದರೂ, "ಒಳಗ ಕೊಪ್ಪರಿಗೆ ತುಂಬ ಐತೆ, ಬಡಿಸೋನ ಮುಖ ನೋಡು" ಅನ್ನುತ್ತಿದ್ದ. ಅನುಮಾನದ ಪಿಶಾಚಿ ಎಂದು ಅತ್ತೆ ಬೈಯುತ್ತಿದ್ದಳು.

ಲಾಕ್‌ಡೌನ್ ಮುಗಿದ ಮೇಲೆ ಗುತ್ತೂರಿನ ನನ್ನ ವರ್ಕ್‌ಶಾಪಿನಲ್ಲಿದ್ದ ಒಂದೇ ಒಂದು ಕಂಪ್ಯೂಟರ್ ಲೇತ್ ನಿಂತುಹೋಯಿತು. ಅದನ್ನು ನಡೆಸುವ ಕಾರ್ಡಿನ ಚಿಪ್ ಸುಟ್ಟಿತ್ತು, ಹೊಸ ಕಾರ್ಡೇ ಬೇಕಿತ್ತು. ತಿಂಗಳೊಳಗೆ ಮಾಲು ಕೊಡದಿದ್ದರೆ ಆರ್ಡರ್ ಹೋಗುತ್ತಿತ್ತು, ವರ್ಕ್‌ಶಾಪಿಗೆ ಬೀಗ ಬೀಳುತ್ತಿತ್ತು. ಮಾವನನ್ನು ಕರೆದುಕೊಂಡು ಹೋದರೆ ಹರಿಹರದ ಬಿಡಿಭಾಗದ ಅಂಗಡಿಯವರು ಕಾರಣ ಹೇಳಿದ್ದೇ ಹೇಳಿದ್ದು: ಹೊರದೇಶದ ಫ್ಯಾಕ್ಟರಿಗಳು ಬಂದ್ ಆಗಿದ್ದವು, ಹಡಗು ತಡ, ಮನೆಮನೆಗೂ ಲ್ಯಾಪ್‌ಟಾಪ್ ಬಂದು ಚಿಪ್ಪೆಲ್ಲ ಅದಕ್ಕೇ ಹೋಯಿತು, ಉಳಿದದ್ದಕ್ಕೆ ಕಾರಿನವರು ಮುಗಿಬಿದ್ದರು.

ಹೊರಗೆ ಬಂದ ಮಾವ, "ಇಷ್ಟು ಕಾರಣ ಹೇಳಿದ ಅಂದ್ರ ಒಂದೂ ನಿಜ ಅಲ್ಲ. ಮಾಲು ಎಲ್ಲೋ ಗೋಡೌನ್‌ನಾಗೆ ಕುಂತೈತೆ. ನೀ ಸುಮ್ನಿರು, ನಾ ವಾಸನೆ ಹಿಡೀತೀನಿ" ಅಂದ.

ಮಾಲು ಯಾರಲ್ಲಿದೆ ಎಂದು ತಿಳಿಯಲು ಗುರುತಿಲ್ಲದವರನ್ನು ಕಳಿಸಿ ದರ ಕೇಳಿಸುವುದು ಮಾರುಕಟ್ಟೆಯ ಹಳೆಯ ಉಪಾಯ. ನನಗೂ ಹೇಳದೆ ಮಾವ ತನ್ನ ಹಮಾಲನನ್ನು, ಡ್ರೈವರನನ್ನು, ದೇವರಾಜ ಅರಸು ಬಡಾವಣೆಯ ಬೀಗರನ್ನು ಬೇರೆ ಬೇರೆಯಾಗಿ ಅದೇ ಅಂಗಡಿಗೆ ಅದೇ ಕಾರ್ಡು ಕೇಳಲು ಅಟ್ಟಿದ್ದ.

ನಾವಿಬ್ಬರೂ ಮತ್ತೆ ಹೋದಾಗ ಅಂಗಡಿಯವರು ದನಿ ತಗ್ಗಿಸಿದರು. "ಈಗಂತೂ ಕೇಳಬ್ಯಾಡ್ರಿ ಯಜಮಾನ್ರೆ. ಯಾರೋ ದೊಡ್ಡ ಪಾರ್ಟಿ ಎಲ್ಲಾ ಎತ್ತಾಕ ಹೊಂಟೈತೆ. ಬಂದ ಒಂದನ್ನ ನಾನೂ ಒಳಗ ಇಟ್ಟೀನಿ, ಮುಂದ ಸಿಗತೈತೋ ಇಲ್ಲೋ."

"ಹೆಂಗಿದ್ರು ಬಂದೋರು?" ಮಾವ ಕಣ್ಣು ಕಿರಿದು ಮಾಡಿದ.

"ಒಬ್ಬ ಹಮಾಲ್ರ ಥರ ಇದ್ದ. ಒಬ್ಬ ಡ್ರೈವರ್. ಇನ್ನೊಬ್ರು ಅರಸು ಬಡಾವಣೆ ಹಿರೇರು."

ಮಾವನ ಕೈ ಟವೆಲ್ಲಿನಿಂದ ಈಚೆ ಬಂತು. "ಆ ಪಾರ್ಟಿ ನಾನೇ ರೀ. ನಮಗ ಬೇಕಾಗಿದ್ದು ಒಂದೇ."

ನನಗೆ ಮೈಯೆಲ್ಲ ಉರಿದುಹೋಯಿತು. ಅಂಗಡಿಯವರು ಅವನ ಬರಿಗೈ ನೋಡಿ, ಒಳಗೆ ಹೋಗಿ ಕಾರ್ಡು ತಂದುಕೊಟ್ಟರು. ಸಂಜೆಗೆ ಲೇತ್ ತಿರುಗಿತು.

ಅಂಗಡಿಯಿಂದ ಬರುವ ದಾರಿಯಲ್ಲೇ ಮಾವ, "ಲೋಕದಾಗೂ ಹಿಂಗ ಆಗಿರಬೇಕು ಕಣಲೇ. ಒಂದು ಬೇಕಾದಾವ ಹೆದರಿ ನಾಕು ಕಡೆ ಕೇಳ್ಯಾನ, ಮಾರೋರು ನಾಕು ಗಿರಾಕಿ ಅಂತ ಬಚ್ಚಿಟ್ಟಾರ" ಅಂದ. ಕೈಯನ್ನು ಮತ್ತೆ ಟವೆಲ್ಲಿನ ಕೆಳಗೆ ಸೇರಿಸಿ, "ಆದ್ರೂ ಅವನತ್ರ ಇನ್ನೊಂದು ಐತೆ" ಅಂದ.

ಹೋದ ವರ್ಷ ಮಾವ ತೀರಿಕೊಂಡ. ವರ್ಕ್‌ಶಾಪ್ ಇವತ್ತಿಗೂ ನಡೆಯುತ್ತಿದ್ದರೆ ಅದು ಅವನ ಋಣ. ಈಗ ಯಾವ ಬಿಡಿಭಾಗ ಕೇಳಲು ಹೋದರೂ ಮೊದಲೇ ಹೇಳಿಬಿಡುತ್ತೇನೆ: "ಒಂದೇ ಬೇಕ್ರಿ, ಬೇರೆ ಕಡೆ ಕೇಳಿಲ್ಲ." ಯಾರೂ ನಂಬುವುದಿಲ್ಲ. ಮಾವ ಇದ್ದಿದ್ದರೆ ಅವನೂ ನಂಬುತ್ತಿರಲಿಲ್ಲ.