ಎಕ್ಕದ ಗಿಡದ ತಾಮ್ರಬಣ್ಣದ ದುಂಬಿ

ಧಾರವಾಡದಲ್ಲಿ ನನ್ನೊಡನೆ ಪ್ರಾಣಿಶಾಸ್ತ್ರ ಓದಿದ ಗೆಳತಿ ಈಗ ಥಾರ್ ಮರುಭೂಮಿಯ ಅಂಚಿನ ಊರೊಂದರಲ್ಲಿದ್ದಾಳೆ. ಅಲ್ಲಿ ಎಕ್ಕದ ಎಲೆ ತಿನ್ನುತ್ತಿದ್ದ ತಾಮ್ರಬಣ್ಣದ ದುಂಬಿಯೊಂದು ಅವಳಿಗೆ ಸಿಕ್ಕಿತ್ತು. ಒಂದೇ ಒಂದು. ಮತ್ತೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಹೊಸ ಪ್ರಭೇದವೇ ಇರಬೇಕೆಂದು ಅವಳ ಆಸೆ. ಎಲೆದುಂಬಿಗಳ ವರ್ಗೀಕರಣ ನನ್ನ ಕೆಲಸವಾದ್ದರಿಂದ ಅದನ್ನು ಹತ್ತಿಯಲ್ಲಿ ಸುತ್ತಿ ಶಿರಸಿಗೆ ಕಳಿಸಿದಳು.

ಇಲ್ಲೇ ಹತ್ತಿರದ ನಮ್ಮ ಗುಡ್ನಾಪುರದ ಕೆರೆ ಏರಿಯ ಎಕ್ಕದ ಮೇಲೂ ಅದೇ ಗಾತ್ರದ ದುಂಬಿಗಳಿವೆ. ಆದರೆ ಅವು ಕಡುನೀಲಿ. ಬಣ್ಣವನ್ನು ನಂಬುವ ಹಾಗಿಲ್ಲ. ಗಂಡಿನ ಹೊಟ್ಟೆ ಸೀಳಿ ಜನನಾಂಗದ ಆಕಾರ ನೋಡಿದರಷ್ಟೇ ಎರಡೂ ಒಂದೋ ಬೇರೆಯೋ ಹೇಳಬಹುದು. ಅವಳು ಕಳಿಸಿದ್ದು ಗಂಡೇ; ಆದರೆ ಇರುವುದೊಂದೇ, ಸೀಳುವಾಗ ಹಾಳಾದರೆ ಮುಗಿಯಿತು.

ಭಾನುವಾರ ಬೆಳಿಗ್ಗೆ ಫ್ಯಾನ್ ಆರಿಸಿ, ಮನೆಯಲ್ಲೇ ಸೂಕ್ಷ್ಮದರ್ಶಕದ ಮುಂದೆ ಕೂತೆ. ಬಿಸಿನೀರಿನಲ್ಲಿ ಮೆತ್ತಗಾದ ದುಂಬಿಯ ಹೊಟ್ಟೆ ಬಿಡಿಸಿ, ಜನನಾಂಗದ ಎಳೆಯಂಥ ಕಂದು ಕೊಳವೆಯನ್ನು ಚಿಮಟದಲ್ಲಿ ಹಿಡಿದೆ. ಎತ್ತುವಷ್ಟರಲ್ಲಿ ಚಿಮ್ಮಿತು. ತಟ್ಟೆಯಲ್ಲಿಲ್ಲ. ಮೇಜಿನ ಮೇಲೂ ಇಲ್ಲ.

ಅಷ್ಟರಲ್ಲಿ ಅತ್ತೆ ಚಹಾ ಹಿಡಿದು ಬಾಗಿಲಿಗೆ ಬಂದರು.

“ಅತ್ತೆ, ಒಳಗೆ ಬರಡಿ! ಅಲ್ಲೇ ನಿಂತ್ಕಳಿ!”

ಅವರು ಎತ್ತಿದ ಕಾಲನ್ನು ಮೆಲ್ಲಗೆ ಹಿಂದಕ್ಕಿಟ್ಟರು. “ಎಂತ ಆತೇ ಕೂಸೆ?”

“ಹುಳದ ತುಂಡು ಬಿದ್ದೋತು. ಕಣ್ಣಿಗೆ ಕಾಣ್ತಿಲ್ಲೆ.”

“ಕಾಣದಿದ್ದದ್ನ ಹೆಂಗೆ ಹುಡುಕ್ತೆ?”

ಮಂಡಿಯೂರಿ, ಮಸೂರ ಹಿಡಿದು ನೆಲ ನೋಡುತ್ತ ಹೋದೆ. ಉಸಿರಿಗೆ ಹಾರಿಹೋದೀತೆಂದು ಬಾಯಿಗೆ ಸೆರಗು ಒತ್ತಿಕೊಂಡಿದ್ದೆ. ಗೆಳತಿಗೆ ಏನೆಂದು ಹೇಳಲಿ? ಅತ್ತೆ ಆರಿದ ಚಹಾ ಹಿಡಿದುಕೊಂಡು ಅಲುಗಾಡದೆ ನಿಂತೇ ಇದ್ದರು.

ಕೊನೆಗೆ ಸಿಕ್ಕಿದ್ದು ನನ್ನ ಎಡಗೈ ಮಣಿಕಟ್ಟಿನ ಮೇಲೆ, ತಟ್ಟೆಯಿಂದ ಸಿಡಿದ ಗ್ಲಿಸರಿನ್ ಹನಿಗೆ ಅಂಟಿಕೊಂಡು. ಒದ್ದೆ ಕುಂಚದಿಂದ ಎತ್ತಿ ಗಾಜಿನ ಮೇಲಿಟ್ಟೆ. ಮುರಿದಿರಲಿಲ್ಲ. ಪಕ್ಕದಲ್ಲಿ, ಮೊದಲೇ ಬಿಡಿಸಿಟ್ಟಿದ್ದ ಗುಡ್ನಾಪುರದ ದುಂಬಿಯದನ್ನಿಟ್ಟು ನೋಡಿದೆ. ಅದೇ ಬಾಗು, ತುದಿಯಲ್ಲಿ ಅದೇ ಚೂಪು. ಮಗ್ಗುಲಾಗಿಸಿ ನೋಡಿದೆ. ಮತ್ತೊಮ್ಮೆ ನೋಡಿದೆ. ಬೇರೆಯಾಗಿರಲಿ ಎಂಬ ಆಸೆ ನನಗೂ ಇತ್ತು.

ಫೋನ್ ಮಾಡಿದೆ. “ಹೊಸತಲ್ಲ ಮಾರಾಯ್ತಿ. ನಮ್ಮ ಗುಡ್ನಾಪುರದ್ದೇ. ಬಣ್ಣ ಅಷ್ಟೇ ಬೇರೆ.”

ಅವಳು ಹಾವೇರಿ ಕಡೆಯವಳು. “ಖರೇನ? ಪಕ್ಕಾ ನೋಡೀಯೇನ?”

“ನೋಡಿದೆ.”

“ಎರಡೂದರ ಫೋಟೋ ಕಳಸು,” ಎಂದಳು. “ಇಷ್ಟ ದೂರದಾಗೂ ಅದೇ ಹುಳ ಐತಿ ಅಂತಾದ್ರೂ ಬರೀತೀನಿ.”

ಧ್ವನಿ ಒಡೆದಿತ್ತು. ಫೋಟೋ ತೆಗೆಯಲು ಕೂತೆ.